ಜಲಪ್ರಳಯದ ಸಾಕ್ಷ್ಯವೂ ಅದನ್ನು ಕೈಬಿಟ್ಟ ಪಾದ್ರಿಗಳೂ

ಈ ಸೃಷ್ಟಿಯು ದೇವರ ಆಜ್ಞೆಯಿಂದ ಆರು ದಿನಗಳಲ್ಲಿ ಆಯಿತೋ, ಅಥವಾ ಜೀವಕೋಟಿಯು ಅಸಂಖ್ಯ ವರ್ಷಗಳಲ್ಲಿ ಒಂದರಿಂದೊಂದು ವಿಕಾಸಹೊಂದುತ್ತ ಬಂದಿತೋ ಎಂಬ ವಾದವು ಕ್ರಿಸ್ತಮತೀಯರ ದೇಶಗಳಲ್ಲಿ ನಡೆದ ದೊಡ್ಡ ವಾದಗಳಲ್ಲೊಂದು. 1859ರಲ್ಲಿ ಡಾರ್ವಿನ್ನನ ಗ್ರಂಥವು ಹೊರಬಿದ್ದ ದಿವಸವೇ ಈ ವಾದವು ಹುಟ್ಟಿತೆಂದೂ, ಒಂದು ಪಕ್ಷದಲ್ಲಿ ಶಾಸ್ತ್ರಜ್ಞರೂ ಇನ್ನೊಂದು ಪಕ್ಷದಲ್ಲಿ ಪಾದ್ರಿಗಳೂ ನಿಂತು ಕಾದಾಡಿದರೆಂದೂ ನಮ್ಮಲ್ಲಿಯ ಸುಶಿಕ್ಷಿತರು ಸಾಮಾನ್ಯವಾಗಿ ತಿಳಿದಿರುವರು. ಇತಿಹಾಸವನ್ನು ತುಸು ಕೆದಕಿ ನೋಡಿದರೆ ಈ ಚಿತ್ರವು ನಿಲ್ಲುವದಿಲ್ಲ. ಡಾರ್ವಿನ್ನನ ಗ್ರಂಥಕ್ಕಿಂತ ಮೂವತ್ತು ವರ್ಷ ಮೊದಲೇ, ಬೈಬಲ್ಲಿನಲ್ಲಿ ಹೇಳಿದ ಜಲಪ್ರಳಯದ ಗುರುತು ಇಂಗ್ಲಂಡದ ಕಲ್ಲುಮಣ್ಣುಗಳಲ್ಲಿ ಇದೆಯೋ ಇಲ್ಲವೋ ಎಂಬ ಒಂದು ಮೊಕದ್ದಮೆಯು ನಡೆದು ತೀರ್ಮಾನವಾಗಿ ಹೋಗಿತ್ತು. ಆ ಮೊಕದ್ದಮೆಯಲ್ಲಿ ಫಿರ್ಯಾದಿಗಳೂ ಪಾದ್ರಿಗಳೇ, ಸಾಕ್ಷಿಗಳನ್ನು ಹುಡುಕಿ ತಂದವರೂ ಪಾದ್ರಿಗಳೇ, ಕೊನೆಗೆ ತಮಗೇ ವಿರುದ್ಧವಾದ ತೀರ್ಪನ್ನು ಓದಿದವರೂ ಪಾದ್ರಿಗಳೇ. ಆ ವೃತ್ತಾಂತವನ್ನು ವಾಚಕರ ಮುಂದಿಡಬೇಕೆಂದು ಈ ಲೇಖನವನ್ನು ಬರೆದಿದ್ದೇವೆ.

ಮೊದಲು ಆ ಕಾಲದ ಕ್ರೈಸ್ತ ಪಂಡಿತರ ಮನೋಭಾವವನ್ನು ಅರಿತುಕೊಳ್ಳಬೇಕು. ನಮ್ಮ ದರ್ಶನಕಾರರು ಪ್ರತ್ಯಕ್ಷ, ಅನುಮಾನ, ಶಬ್ದ ಎಂದು ಪ್ರಮಾಣಗಳನ್ನು ಬೇರೆಬೇರೆಯಾಗಿ ಎಣಿಸಿ, ಒಂದರ ಸೀಮೆಯಲ್ಲಿ ಇನ್ನೊಂದು ಎಷ್ಟರ ಮಟ್ಟಿಗೆ ಕಾಲಿಡಬಹುದೆಂಬದನ್ನು ಕುರಿತು ಬಹಳ ಚರ್ಚೆ ಮಾಡಿದ್ದಾರೆ. ಹದಿನೆಂಟನೆಯ ಶತಮಾನದ ಇಂಗ್ಲಂಡದ ಧರ್ಮಪಂಡಿತರಾದರೋ ಶಬ್ದಪ್ರಮಾಣವನ್ನೇ ಅನುಮಾನದ ಬಲದಿಂದ ಸ್ಥಾಪಿಸಲು ಹೊರಟರು. ಕ್ರಿಸ್ತಮತವನ್ನು ನಂಬಿರಿ ಎಂದು ಹೇಳುವದಕ್ಕಿಂತ, ನ್ಯಾಯಸ್ಥಾನದಲ್ಲಿ ಸಾಕ್ಷಿಗಳನ್ನು ವಿಚಾರಿಸುವಂತೆ ವಿಚಾರಿಸಿ ನೋಡಿದರೆ ನಂಬದೆ ಗತಿಯಿಲ್ಲ ಎಂದು ಹೇಳುವದು ಅವರಿಗೆ ಹೆಚ್ಚು ಪ್ರಿಯವಾಗಿತ್ತು. ಇವರಲ್ಲಿ ಅಗ್ರಗಣ್ಯನು ವಿಲಿಯಂ ಪೇಲಿ ಎಂಬವನು. ಅವನು 1794ರಲ್ಲಿ ಕ್ರಿಸ್ತಮತದ ಸಾಕ್ಷ್ಯಗಳನ್ನು ಕುರಿತು ಒಂದು ಗ್ರಂಥವನ್ನೂ, 1802ರಲ್ಲಿ ನಿಸರ್ಗದ ರಚನೆಯಿಂದ ದೇವರ ಅಸ್ತಿತ್ವವನ್ನು ಸಾಧಿಸುವ ಇನ್ನೊಂದು ಗ್ರಂಥವನ್ನೂ ಬರೆದನು. ಬಯಲಿನಲ್ಲಿ ಬಿದ್ದ ಗಡಿಯಾರವನ್ನು ಕಂಡವನು ಅದನ್ನು ಮಾಡಿದವನೊಬ್ಬನು ಇರಲೇಬೇಕೆಂದು ಊಹಿಸುವಂತೆ, ಕಣ್ಣು ಕಿವಿಗಳ ರಚನೆಯನ್ನು ಕಂಡವನು ಸೃಷ್ಟಿಕರ್ತನನ್ನು ಊಹಿಸಬೇಕೆಂಬ ಅವನ ದೃಷ್ಟಾಂತವು ಲೋಕವಿಖ್ಯಾತವಾಗಿದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಪದವೀಧರರೆಲ್ಲರೂ ಪೇಲಿಯ ಸಾಕ್ಷ್ಯಗ್ರಂಥವನ್ನು ಪರೀಕ್ಷೆಗಾಗಿ ಓದಬೇಕಾಗಿತ್ತು. ಪಾದ್ರಿಯಾಗಬೇಕೆಂದು ಅಲ್ಲಿಗೆ ಬಂದ ಚಾರ್ಲ್ಸ್ ಡಾರ್ವಿನ್ ಎಂಬ ತರುಣನೂ ಅದನ್ನು ಓದಿದನು; ಯೂಕ್ಲಿಡ್ಡನ ರೇಖಾಗಣಿತದಷ್ಟೇ ಅದು ತನಗೆ ಆನಂದವನ್ನು ಕೊಟ್ಟಿತೆಂದು ಮುಪ್ಪಿನಲ್ಲಿ ನೆನೆಸಿಕೊಂಡಿದ್ದಾನೆ.

ಆದರೆ ಸಾಕ್ಷ್ಯವನ್ನು ನೆಚ್ಚಿ ನ್ಯಾಯಸ್ಥಾನದ ಮೆಟ್ಟಲು ಹತ್ತಿದವನು ಪಾಟೀಸವಾಲಿಗೂ ಸಿದ್ಧನಾಗಿರಬೇಕಷ್ಟೆ. ಪೇಲಿಯ ಶಿಷ್ಯರಿಗೆ ಆ ಪ್ರಸಂಗವು ಬೇಗನೆ ಬಂದಿತು.

ಐರ್ಲಂಡದ ಆರ್ಚ್‌ಬಿಷಪ್ ಅಶರ್ ಎಂಬ ಮಹಾವಿದ್ವಾಂಸನು ಬೈಬಲ್ಲಿನ ವಂಶಾವಳಿಗಳನ್ನೂ ಇತರ ರಾಷ್ಟ್ರಗಳ ಕಾಲಗಣನೆಗಳನ್ನೂ ಹೋಲಿಸಿ ನೋಡಿ, ಸೃಷ್ಟಿಯು ಕ್ರಿಸ್ತಪೂರ್ವ 4004ರಲ್ಲಿ ಆಯಿತೆಂದು 1650ರಲ್ಲಿ ಪ್ರಕಟಿಸಿದ್ದನು. 1701ರಿಂದ ಈ ಇಸವಿಯನ್ನು ಇಂಗ್ಲಿಷ್ ಬೈಬಲ್ಲಿನ ಅಂಚಿನಲ್ಲಿ ಅಚ್ಚುಹಾಕತೊಡಗಿದರು. ಅಂಚಿನಲ್ಲಿದ್ದದ್ದು ಮೂಲದಲ್ಲಿಯೇ ಇದ್ದಂತೆ ಜನರ ಮನಸ್ಸಿನಲ್ಲಿ ಬೇರೂರಿತು. ಟೀಕೆಯು ಮೂಲವನ್ನು ನುಂಗುವದು ಎಲ್ಲ ದೇಶಗಳಲ್ಲಿಯೂ ಇರುವ ಸಂಗತಿಯೇ. ಆದರೂ 1820ರ ಸುಮಾರಿಗೆ ಭೂಗರ್ಭಶಾಸ್ತ್ರವನ್ನು ಬಲ್ಲ ಪಾದ್ರಿಗಳು ಈ ಆರು ಸಾವಿರ ವರ್ಷಗಳನ್ನು ಭೂಮಿಗೆ ಅನ್ವಯಿಸುವದನ್ನು ಬಿಟ್ಟುಕೊಟ್ಟಿದ್ದರು. ಆದಿಕಾಂಡದ ಮೊದಲನೆಯ ವಾಕ್ಯಕ್ಕೂ ಮುಂದಿನ ಆರು ದಿನಗಳಿಗೂ ನಡುವೆ ಎಷ್ಟು ಯುಗಗಳಾದರೂ ಕಳೆದಿರಬಹುದೆಂದು ಅವರು ಸಮಾಧಾನ ಹೇಳುತ್ತಿದ್ದರು. ಹೀಗೆ ಬಿಟ್ಟುಕೊಡುತ್ತ ಬಂದ ಮೇಲೆ ಶಾಸ್ತ್ರವೂ ಬಂಡೆಯೂ ಮುಖಾಮುಖಿಯಾಗಿ ಕೂಡುವ ಸ್ಥಳವು ಒಂದೇ ಉಳಿಯಿತು. ಮನುಷ್ಯರ ಪಾಪಕ್ಕಾಗಿ ದೇವರು ಭೂಮಂಡಲವನ್ನೆಲ್ಲ ನೀರಿನಲ್ಲಿ ಮುಳುಗಿಸಿ, ನೋಹನನ್ನೂ ಅವನ ಕುಟುಂಬವನ್ನೂ ಹಡಗಿನಲ್ಲಿ ತುಂಬಿದ ಪ್ರಾಣಿಗಳನ್ನೂ ಮಾತ್ರ ಉಳಿಸಿದನೆಂಬ ಪ್ರಳಯದ ಕಥೆಯೇ ಆ ಸ್ಥಳವು. ಅಂಥ ಮಹಾಪೂರವು ನಿಜವಾಗಿ ಬಂದಿದ್ದರೆ ಅದರ ಗುರುತು ನೆಲದಲ್ಲಿ ಇರಲೇಬೇಕು. ಇಂಗ್ಲಂಡದ ಹೊಲಗದ್ದೆಗಳ ಕೆಳಗೆ ಎಲ್ಲಿ ನೋಡಿದರೂ ಗರಸು ಜಲ್ಲಿ ಮಣ್ಣುಗಳ ಪದರವೂ, ದೂರದ ಬೆಟ್ಟಗಳಿಂದ ಬಂದು ಬಿದ್ದ ಹೆಬ್ಬಂಡೆಗಳೂ ಸಿಕ್ಕುತ್ತಿದ್ದವು. ಇದೇ ಆ ಗುರುತೆಂದು ಹೇಳಿದವನು ವಿಲಿಯಂ ಬಕ್ಲಂಡನು.

ಬಕ್ಲಂಡನು 1784ರಲ್ಲಿ ಹುಟ್ಟಿದನು. ದೀಕ್ಷೆ ಪಡೆದ ಪಾದ್ರಿಯು. ಆಕ್ಸ್‌ಫರ್ಡಿನಲ್ಲಿ ಭೂಗರ್ಭಶಾಸ್ತ್ರದ ಮೊದಲನೆಯ ಉಪನ್ಯಾಸಕನು. ತನ್ನ ಶಾಸ್ತ್ರವು ಧರ್ಮಕ್ಕೆ ಶತ್ರುವಲ್ಲ, ಸೇವಕನೆಂದು ಅವನು 1819ರ ಪ್ರಾರಂಭೋಪನ್ಯಾಸದಲ್ಲಿ ಸಾರಿದನು. ಅವನ ಮನೆಯಲ್ಲಿ ಎಲುಬು ಕಲ್ಲುಗಳ ನಡುವೆ ಕುರ್ಚಿಗಾಗಿ ಹುಡುಕಬೇಕಾಗುತ್ತಿತ್ತೆಂದೂ, ಕಂಡ ಪ್ರಾಣಿಯನ್ನೆಲ್ಲ ತಿಂದು ರುಚಿ ನೋಡುವದು ಅವನ ವ್ಯಸನವಾಗಿತ್ತೆಂದೂ ಹೇಳುವ ಕಥೆಗಳು ಬಹಳ ಇವೆ. ಅವು ಇಲ್ಲಿ ಬೇಡ. ಅವನ ಕೀರ್ತಿಗೆ ಕಾರಣವಾದದ್ದು ಕಿರ್ಕ್‌ಡೇಲಿನ ಗವಿಯು.

1821ರಲ್ಲಿ ಯಾರ್ಕ್‌ಶೈರ್ ಪ್ರಾಂತದ ಕಿರ್ಕ್‌ಡೇಲ್ ಎಂಬಲ್ಲಿ ಸುಣ್ಣದ ಕಲ್ಲನ್ನು ಒಡೆಯುತ್ತಿದ್ದ ಆಳುಗಳಿಗೆ ಗುಡ್ಡದ ಪಕ್ಕದಲ್ಲಿ ಒಂದು ಬಿಲದ ಬಾಯಿ ಕಾಣಿಸಿತು. ಒಳಗೆ ರಾಶಿರಾಶಿಯಾಗಿ ಎಲುಬುಗಳಿದ್ದವು. ಹಿಂದೆ ಯಾವುದೋ ಪಶುರೋಗದಲ್ಲಿ ಸತ್ತ ದನಗಳ ಎಲುಬುಗಳಿರಬೇಕೆಂದು ತಿಳಿದು ಅವರು ಅವನ್ನು ಕಲ್ಲಿನೊಡನೆ ದಾರಿಗೆ ಹಾಕಿಬಿಟ್ಟರು. ದಾರಿಯಲ್ಲಿ ಬಿದ್ದ ಈ ಎಲುಬುಗಳು ತಿಳಿದವರ ಕಣ್ಣಿಗೆ ಬಿದ್ದು, ಆ ವರ್ಷದ ಡಿಸೆಂಬರದಲ್ಲಿ ಬಕ್ಲಂಡನು ಅಲ್ಲಿಗೆ ಧಾವಿಸಿದನು. ಬಗ್ಗಿಕೊಂಡು, ಕೆಲವು ಕಡೆ ತೆವಳಿಕೊಂಡು ಹೋಗಬೇಕಾದ ಆ ಬಿಲದ ನೆಲದಲ್ಲಿ ಆನೆ, ಖಡ್ಗಮೃಗ, ನೀರಾನೆ, ಜಿಂಕೆ, ಎತ್ತು ಮೊದಲಾದ ಪ್ರಾಣಿಗಳ ಎಲುಬುಗಳೂ, ಇವೆಲ್ಲವುಗಳ ನಡುವೆ ಕತ್ತೆಕಿರುಬಗಳ ಎಲುಬು ಹಲ್ಲುಗಳು ಬಹು ಸಂಖ್ಯೆಯಲ್ಲಿಯೂ ಸಿಕ್ಕವು. ಉಷ್ಣದೇಶದ ಪ್ರಾಣಿಗಳು ಶೀತದೇಶದ ಬಿಲಕ್ಕೆ ಹೇಗೆ ಬಂದವು? ಪ್ರಳಯದ ನೀರು ಅವುಗಳ ಹೆಣಗಳನ್ನು ದಕ್ಷಿಣದಿಂದ ತೇಲಿಸಿ ತಂದಿತೆಂಬದು ಸಿದ್ಧವಾಗಿದ್ದ ಉತ್ತರವು. ಪ್ರಳಯವಾದಿಯಾದ ಬಕ್ಲಂಡನು ಈ ಉತ್ತರವನ್ನು ಹಿಡಿಯುವನೆಂದು ಯಾರಾದರೂ ಎಣಿಸಬಹುದು. ಅವನು ಹಿಡಿಯಲಿಲ್ಲ. ಇಡೀ ಆನೆಯು ಹೋಗಲಾರದ ಬಾಯಿಯಲ್ಲಿ ಆನೆಯ ಎಲುಬುಗಳು ಹೋಗಿವೆ, ಎಲುಬುಗಳೆಲ್ಲ ಮುರಿದಿವೆ, ಮುರಿದ ತುದಿಗಳಲ್ಲಿ ಹಲ್ಲಿನ ಗುರುತುಗಳಿವೆ, ನಡುವೆ ಬಿಳಿಯ ಒಣಗಿದ ಉಂಡೆಗಳು ಬಿದ್ದಿವೆ. ಇದು ಕತ್ತೆಕಿರುಬಗಳು ತಲೆತಲಾಂತರದಿಂದ ವಾಸಮಾಡಿದ ಗುಹೆ. ಹೊರಗೆ ಸತ್ತ ಪ್ರಾಣಿಗಳನ್ನು ತುಂಡುತುಂಡಾಗಿ ಎಳೆದು ತಂದು ಇಲ್ಲಿ ಕಡಿದವು ಎಂದು ಅವನು ಊಹಿಸಿದನು.

ಊಹಿಸಿ ಸುಮ್ಮನೆ ಕೂಡಲಿಲ್ಲ. ಆ ಉಂಡೆಗಳನ್ನು ಪ್ರಾಣಿಸಂಗ್ರಹವೊಂದರ ಕಾವಲುಗಾರನಿಗೆ ತೋರಿಸಲು, ಅವನು ಇವು ಕತ್ತೆಕಿರುಬದ ಲದ್ದಿಯೆಂದು ನೋಡಿದೊಡನೆ ಗುರುತಿಸಿದನು. ವೊಲಾಸ್ಟನ್ ಎಂಬ ರಸಾಯನಶಾಸ್ತ್ರಜ್ಞನಿಂದ ಅವುಗಳ ಪರೀಕ್ಷೆಯೂ ಆಯಿತು. ಆಕ್ಸ್‌ಫರ್ಡಿಗೆ ಬಂದ ಸಂಚಾರಿ ಪ್ರಾಣಿಪ್ರದರ್ಶನದಲ್ಲಿ ಆಫ್ರಿಕದ ಒಂದು ಕತ್ತೆಕಿರುಬವಿತ್ತು. ಬಕ್ಲಂಡನು ಅದಕ್ಕೆ ಎತ್ತಿನ ಕಾಲೆಲುಬನ್ನು ಹಾಕಿ, ಅದು ಕಡಿದು ಬಿಟ್ಟ ಚೂರುಗಳನ್ನು ಆಯ್ದು ತಂದು ಗವಿಯ ಚೂರುಗಳೊಡನೆ ಇಟ್ಟು ನೋಡಿದನು. ಹಳೆಯದಾವುದು ಹೊಸದಾವುದು ಎಂದು ಹೇಳುವದು ಕಷ್ಟವಾಗುವಷ್ಟು ಅವು ಒಂದನ್ನೊಂದು ಹೋಲುತ್ತಿದ್ದವು. ಕಳೆದುಹೋದ ಕಾಲವನ್ನು ಕಣ್ಣೆದುರಿನ ಪ್ರಯೋಗದಿಂದ ವಿಚಾರಿಸುವ ಈ ಕ್ರಮಕ್ಕಾಗಿ ರಾಯಲ್ ಸೊಸೈಟಿಯವರು 1822ರಲ್ಲಿ ಅವನಿಗೆ ಕಾಪ್ಲಿ ಪದಕವನ್ನಿತ್ತರು. ಅವನ ಸ್ನೇಹಿತನೂ ಪಾದ್ರಿಯೂ ಆದ ಕಾನಿಬೇರನು, ಬಕ್ಲಂಡನು ದೀಪ ಹಿಡಿದು ಬಿಲದೊಳಗೆ ತಲೆಹಾಕುತ್ತಲೇ ಜೀವಂತ ಕತ್ತೆಕಿರುಬಗಳು ಅವನನ್ನು ದಿಟ್ಟಿಸಿ ನೋಡುತ್ತಿರುವಂತೆ ಒಂದು ವಿನೋದಚಿತ್ರವನ್ನು ಬರೆದನು.

ಈ ಎಲುಬುಗಳ ಮೇಲೆ ಒಂದು ಕೆಸರಿನ ಪದರವಿತ್ತು. ಅದೇ ಪ್ರಳಯದ ಕೆಸರು ಎಂದು ಬಕ್ಲಂಡನು ಸಿದ್ಧಾಂತಿಸಿದನು. ಕೆಸರಿನ ಮೇಲೆ ತೊಟ್ಟಿಕ್ಕಿ ಹೆಪ್ಪುಗಟ್ಟಿದ ಸುಣ್ಣಕಲ್ಲು ತೆಳ್ಳಗಿದ್ದದರಿಂದ ಅದು ಬಂದು ಐದಾರು ಸಾವಿರ ವರ್ಷಗಳಿಗಿಂತ ಹೆಚ್ಚಾಗಿರಲಾರದೆಂಬದು ಅವನ ಲೆಕ್ಕವು. 1823ರಲ್ಲಿ ಪ್ರಕಟವಾದ ಅವನ ದೊಡ್ಡ ಗ್ರಂಥವು, ಪ್ರಳಯದ ಅವಶೇಷಗಳೆಂಬ ಅರ್ಥದ ಲ್ಯಾಟಿನ್ ಹೆಸರಿನಿಂದ, ಯೂರೋಪಿನ ಅನೇಕ ಗವಿಗಳ ಕೆಸರನ್ನೂ ನದಿಗಳ ಗರಸನ್ನೂ ಒಟ್ಟುಗೂಡಿಸಿ ನೋಹನ ಪ್ರಳಯಕ್ಕೆ ಸಾಕ್ಷಿಯಾಗಿ ನಿಲ್ಲಿಸಿತು. ವಾಚಕರು ಇಲ್ಲಿ ಒಂದು ಸಂಗತಿಯನ್ನು ಲಕ್ಷಿಸಬೇಕು. ಎಲುಬುಗಳ ವಿಷಯದಲ್ಲಿ ಅವನು ಪ್ರತಿಯೊಂದು ಊಹೆಯನ್ನೂ ಒರೆಗೆ ಹಚ್ಚಿದನು. ಕೆಸರಿನ ವಿಷಯದಲ್ಲಿ ಹಚ್ಚಲಿಲ್ಲ. ಅಲ್ಲಿ ಉತ್ತರವು ಮೊದಲೇ ಗೊತ್ತಿತ್ತು.

ಈ ಗ್ರಂಥವನ್ನು ಎಲ್ಲಕ್ಕಿಂತ ಮೊದಲು ಎದುರಿಸಿದವರು ನಾಸ್ತಿಕರಲ್ಲ. ಬೈಬಲ್ಲಿನ ಅಕ್ಷರಕ್ಕೆ ಅಂಟಿಕೊಂಡವರು, ಇಂಗ್ಲಂಡದಲ್ಲಿ ಕತ್ತೆಕಿರುಬಗಳನ್ನು ವಾಸಮಾಡಿಸಿದ್ದೇ ತಪ್ಪೆಂದು ಬೈದರು. ಸ್ಕಾಟ್ಲಂಡದ ಪಾದ್ರಿಯೂ ಪ್ರಾಣಿಶಾಸ್ತ್ರಜ್ಞನೂ ಆದ ಜಾನ್ ಫ್ಲೆಮಿಂಗನು 1826ರಲ್ಲಿ ಇದಕ್ಕಿಂತ ಸೂಕ್ಷ್ಮವಾದ ಆಕ್ಷೇಪವನ್ನೆತ್ತಿದನು. ಬೈಬಲ್ಲಿನ ಪ್ರಳಯವು ಮೆಲ್ಲಗೆ ಏರಿ ಮೆಲ್ಲಗೆ ಇಳಿದ ನೀರು. ಅದು ಇಳಿದಾಗ ಎಣ್ಣೇಮರದ ಎಲೆಯು ಪಾರಿವಾಳದ ಕೊಕ್ಕಿಗೆ ಸಿಕ್ಕಿತು. ಮರಗಿಡಗಳನ್ನೂ ಉಳಿಸಿದ ಆ ನೀರು ಬೆಟ್ಟದ ಬಂಡೆಗಳನ್ನು ಕಿತ್ತು ಕಣಿವೆಗಳನ್ನು ಕೊರೆಯಿತೆಂದು ಬಕ್ಲಂಡನು ಹೇಳುವದು ಧರ್ಮಗ್ರಂಥಕ್ಕೂ ವಿರುದ್ಧ, ನಿಸರ್ಗಕ್ಕೂ ವಿರುದ್ಧ ಎಂದು ಅವನು ವಾದಿಸಿದನು. ಬಕ್ಲಂಡನ ಪ್ರಳಯವು ಬೈಬಲ್ಲಿನ ಪ್ರಳಯವೇ ಅಲ್ಲವೆಂಬ ಈ ಮಾತಿಗೆ ಒಳ್ಳೆಯ ಉತ್ತರವು ಹೊರಡಲಿಲ್ಲ.

ಇನ್ನೂ ಒಂದು ದೊಡ್ಡ ತೊಡಕಿತ್ತು. ಪ್ರಳಯವು ಬಂದದ್ದು ಮನುಷ್ಯರನ್ನು ದಂಡಿಸುವದಕ್ಕೆ. ಆದರೆ ಪ್ರಳಯದ ಗರಸಿನಲ್ಲಿ ಆನೆಗಳಿವೆ, ಖಡ್ಗಮೃಗಗಳಿವೆ. ದಂಡನೆಗೆ ಗುರಿಯಾದ ಮನುಷ್ಯನೇ ಇಲ್ಲ! ಅವನ ಎಲುಬಾಗಲಿ, ಅವನ ಕೈಕೆಲಸವಾಗಲಿ ಸಿಕ್ಕಿಲ್ಲವೆಂದು ಬಕ್ಲಂಡನೇ ಒಪ್ಪಿಕೊಂಡಿದ್ದನು. ಮನುಷ್ಯರು ಆಗ ಏಶಿಯದಲ್ಲಿ ಮಾತ್ರ ಇದ್ದಿರಬಹುದೆಂಬದು ಅವನ ಸಮಾಧಾನ.

ಆದರೆ ಮನುಷ್ಯನು ಸಿಕ್ಕಿದ್ದನು; ಬಕ್ಲಂಡನ ಕೈಗೇ ಸಿಕ್ಕಿದ್ದನು. 1823ರ ಜನವರಿಯಲ್ಲಿ ವೇಲ್ಸ್ ಪ್ರಾಂತದ ಸಮುದ್ರದಂಡೆಯ ಪೆವಿಲಂಡ್ ಗವಿಯಲ್ಲಿ ಅವನು ತಲೆಬುರುಡೆಯಿಲ್ಲದ ಒಂದು ಅಸ್ಥಿಪಂಜರವನ್ನು ಅಗೆದು ತೆಗೆದನು. ಎಲುಬುಗಳಿಗೆ ಕಾವಿಮಣ್ಣು ಮೆತ್ತಿ ಕೆಂಪಾಗಿದ್ದವು. ಪಕ್ಕದಲ್ಲಿ ದಂತದಿಂದ ಮಾಡಿದ ಕಡ್ಡಿಗಳೂ ತೂತು ಕೊರೆದ ಕಪ್ಪೆಚಿಪ್ಪುಗಳೂ ಇದ್ದವು. ಹತ್ತಿರದಲ್ಲಿಯೇ ಲುಪ್ತವಾದ ಮಹಾಗಜದ ತಲೆಯೂ ಇದ್ದಿತು. ಮಹಾಗಜದ ದಂತದಿಂದ ಮನುಷ್ಯನು ಕಡ್ಡಿ ಕೆತ್ತಿದ್ದಾನೆಂದರೆ ಇಬ್ಬರೂ ಒಂದೇ ಕಾಲದವರೆಂದು ಯಾರಾದರೂ ಹೇಳಬಹುದಾಗಿತ್ತು. ಬಕ್ಲಂಡನಾದರೋ, ಗುಡ್ಡದ ಮೇಲೆ ಇದ್ದ ಹಳೆಯ ಕೋಟೆಯ ನೆಪದಿಂದ, ಇದು ರೋಮನರ ಕಾಲದ ಒಬ್ಬ ಹೆಂಗಸಿನ ಹೆಣ. ಆ ಕಾಲದವರು ಗವಿಯಲ್ಲಿ ಬಿದ್ದಿದ್ದ ಹಳೆಯ ದಂತವನ್ನು ಹೆಕ್ಕಿ ಕೆತ್ತಿದರು ಎಂದು ಬರೆದುಬಿಟ್ಟನು. ‘ಕೆಂಪು ಹೆಂಗಸು’ ಎಂಬ ಹೆಸರು ಅಂದಿನಿಂದ ಅಂಟಿತು. ಅದು ಹೆಂಗಸಿನದಲ್ಲ, ತರುಣ ಗಂಡಸಿನದೆಂದು ಅವನದೇ ಪೀಠದಲ್ಲಿ ಮುಂದೆ ಕುಳಿತ ಸೊಲಾಸನು 1913ರಲ್ಲಿ ತೋರಿಸಿದನು. ಸುಮಾರು 33,000 ವರ್ಷಗಳ ಹಿಂದಿನದೆಂದು ಈಚಿನ ಕಾಲಮಾಪನದಿಂದ ಗೊತ್ತಾಗಿದೆ. ಎತ್ತಿನ ಎಲುಬಿನ ಚೂರುಗಳನ್ನು ಅಷ್ಟು ಎಚ್ಚರಿಕೆಯಿಂದ ಹೋಲಿಸಿ ನೋಡಿದ ಕಣ್ಣೇ ಇಲ್ಲಿ ಇಷ್ಟು ಅವಸರಪಟ್ಟಿತು.

ಎರಡನೆಯ ಸಾರೆ ಇದರ ಪೆಟ್ಟು ಇನ್ನೊಬ್ಬನಿಗೆ ತಗಲಿತು. ಡೆವನ್ ಪ್ರಾಂತದ ಟಾರ್ಕೀ ಊರಿನಲ್ಲಿ ಕೆಂಟನ ಗವಿ ಎಂಬದೊಂದಿದೆ. ಜಾನ್ ಮೆಕೆನರಿ ಎಂಬ ಕ್ಯಾಥೊಲಿಕ ಪಾದ್ರಿಯು 1825ರಿಂದ ಅದನ್ನು ಅಗೆಯತೊಡಗಿದನು. ಗಟ್ಟಿಯಾದ ಸುಣ್ಣಕಲ್ಲಿನ ಪದರದ ಕೆಳಗೆ, ಲುಪ್ತಪ್ರಾಣಿಗಳ ಎಲುಬುಗಳ ಜೊತೆಯಲ್ಲಿಯೇ, ಮನುಷ್ಯನು ಕೆತ್ತಿದ ಚಕಮಕಿ ಕಲ್ಲಿನ ಉಪಕರಣಗಳು ಅವನಿಗೆ ದೊರೆತವು. ಅವನು ತನ್ನ ಗುರುವೆಂದು ಭಾವಿಸಿದ್ದ ಬಕ್ಲಂಡನಿಗೆ ಇದನ್ನು ತಿಳಿಸಿದನು. ಹಿಂದಿನ ಬ್ರಿಟನ್ನರು ಪದರವನ್ನು ಕೊರೆದು ಒಲೆಗಳನ್ನು ಮಾಡಿಕೊಂಡಿರಬೇಕು, ಆ ತೂತುಗಳಿಂದ ಉಪಕರಣಗಳು ಕೆಳಗೆ ಇಳಿದಿವೆ ಎಂದು ಬಕ್ಲಂಡನ ಉತ್ತರ ಬಂದಿತು. ಅಂಥ ತೂತುಗಳನ್ನು ಮೆಕೆನರಿಯು ತನ್ನ ಕಣ್ಣಿನಿಂದ ಕಂಡಿರಲಿಲ್ಲ. ಆದರೂ ಗುರುವಿನ ಮಾತನ್ನು ಮೀರುವ ಧೈರ್ಯವಾಗದೆ, ಗ್ರಂಥವನ್ನು ಪ್ರಕಟಿಸದೆಯೇ 1841ರಲ್ಲಿ ತೀರಿಕೊಂಡನು.

ಅವನ ಸಾಕ್ಷ್ಯವು ಸತ್ಯವೆಂದು ಲೋಕಕ್ಕೆ ತಿಳಿದದ್ದು ಬಹುಕಾಲದ ಮೇಲೆ. 1858ರಲ್ಲಿ ಸಮೀಪದ ಬ್ರಿಕ್ಸ್‌ಹ್ಯಾಮಿನ ಗವಿಯನ್ನು ಪೆಂಗೆಲಿ ಎಂಬವನು ಪದರಪದರವಾಗಿ ಅಗೆಯಿಸಲು ಅಲ್ಲಿಯೂ ಉಪಕರಣಗಳು ಸಿಕ್ಕವು. ಮರುವರ್ಷ ಫ್ರಾನ್ಸಿನ ಸೊಮ್ ನದಿಯ ಗರಸಿನಲ್ಲಿಯೂ ಅವನ್ನು ಕಂಡು ಬಂದವರು ರಾಯಲ್ ಸೊಸೈಟಿಯ ಮುಂದೆ ಸಾಕ್ಷಿ ನುಡಿದರು. ಆಮೇಲೆ ಅದೇ ಪೆಂಗೆಲಿಯು 1865ರಿಂದ 1880ರ ವರೆಗೆ ಕೆಂಟನ ಗವಿಯನ್ನು ಅಗೆದು ಮೆಕೆನರಿಯ ಮಾತನ್ನು ಸ್ಥಿರಪಡಿಸಿದನು. ಈ ಸುದ್ದಿಯ ಅಲೆಯು ನಮ್ಮ ನಾಡಿನ ವರೆಗೂ ಬಂದಿತೆಂಬದು ಗಮನಿಸತಕ್ಕದ್ದು. ಯೂರೋಪಿನಲ್ಲಿ ಇಂಥ ಕಲ್ಲುಗಳು ಸಿಕ್ಕಿರುವದನ್ನು ಅರಿತ ರಾಬರ್ಟ್ ಬ್ರೂಸ್ ಫೂಟನು, ಭಾರತದ ಭೂಗರ್ಭ ಸಮೀಕ್ಷೆಯ ಕೆಲಸದಲ್ಲಿದ್ದಾಗ, 1863ರ ಮೇ ತಿಂಗಳಲ್ಲಿ ಮದ್ರಾಸಿನ ಹತ್ತಿರದ ಪಲ್ಲಾವರದಲ್ಲಿ ಶಿಲಾಯುಗದ ಕೈಗೊಡಲಿಯೊಂದನ್ನು ಗುರುತಿಸಿದನು. ಬಳ್ಳಾರಿ, ರಾಯಚೂರು, ಮೈಸೂರು ಸೀಮೆಗಳಲ್ಲಿ ಅವನು ಮುಂದೆ ಕಂಡುಹಿಡಿದ ನೆಲೆಗಳಿಂದಲೇ ಕರ್ನಾಟಕದ ಪ್ರಾಗಿತಿಹಾಸವು ಮೊದಲಾಗುವದು. ಬಳ್ಳಾರಿಯ ಗುಡ್ಡದಲ್ಲಿ ಕಲ್ಲನ್ನು ಕೆತ್ತಿದವನ ಕಾಲವು ಅಶರನ ಅಂಚಿನಲ್ಲಿ ಹಿಡಿಸುವದೋ ಇಲ್ಲವೋ ಎಂಬ ಪ್ರಶ್ನೆಯನ್ನು ಅಷ್ಟರಲ್ಲಿ ಕೇಳುವವರೇ ಉಳಿದಿರಲಿಲ್ಲ.

ನಾವು ಮುಂದೆ ಹೋದೆವು; 1831ಕ್ಕೆ ಹಿಂದಿರುಗಬೇಕು. ಬಕ್ಲಂಡನು ಆಕ್ಸ್‌ಫರ್ಡಿಗೆ ಹೇಗೋ ಕೇಂಬ್ರಿಜ್ಜಿಗೆ ಹಾಗೆ ಆಡಂ ಸೆಜ್‌ವಿಕ್ಕನು. ಯಾರ್ಕ್‌ಶೈರಿನ ಒಂದು ಹಳ್ಳಿಯ ಪಾದ್ರಿಯ ಮಗನು, ತಾನೂ ಪಾದ್ರಿಯು, 1818ರಿಂದ ಭೂಗರ್ಭಶಾಸ್ತ್ರದ ಅಧ್ಯಾಪಕನು. ಪ್ರಳಯದ ಗರಸನ್ನು ಅವನೂ ನಂಬಿ ಬರೆದಿದ್ದನು. ಆದರೆ ವರ್ಷವರ್ಷವೂ ಬೆಟ್ಟಗಳನ್ನು ಸುತ್ತಿದಂತೆ ಅವನಿಗೆ ಒಂದು ಅನುಮಾನವು ಬಲವಾಗುತ್ತ ಬಂದಿತು. ಎಲ್ಲ ದೇಶಗಳ ಗರಸೂ ಒಂದೇ ಕಾಲದ್ದೆಂದು ತಾವು ಹೇಳಿದ್ದೇನೋ ಸರಿ. ಅದನ್ನು ತೋರಿಸಿದವರು ಯಾರು? ಈ ಕಣಿವೆಯ ಗರಸು ಈ ಕಣಿವೆಯ ಬಂಡೆಗಳಿಂದ ಬಂದಿದೆ, ಆ ಕಣಿವೆಯದು ಅಲ್ಲಿಯದರಿಂದ. ಒಂದು ಹಳೆಯದು, ಇನ್ನೊಂದು ಹೊಸದು. ಫ್ರಾನ್ಸಿನ ಓವರ್ನ್ ಪ್ರಾಂತದಲ್ಲಿ ಆರಿಹೋದ ಜ್ವಾಲಾಮುಖಿಗಳ ಸಡಿಲ ಬೂದಿಯ ಗುಡ್ಡೆಗಳು ಕದಲದೆ ನಿಂತಿದ್ದು, ಅವುಗಳ ಮೇಲೆ ಯಾವ ಮಹಾಪೂರವೂ ಹಾದಿಲ್ಲವೆಂದು ಸಾರುತ್ತಿದ್ದವು. 1830ರಲ್ಲಿ ಲಾಯೆಲ್ಲನ ಗ್ರಂಥದ ಮೊದಲನೆಯ ಸಂಪುಟವು ಪ್ರಕಟವಾಗಿ, ಮಳೆ ಹೊಳೆ ಭೂಕಂಪಗಳಂಥ ಇಂದಿನ ಕಾರಣಗಳಿಂದಲೇ ಹಿಂದಿನ ಮಾರ್ಪಾಟುಗಳನ್ನೆಲ್ಲ ವಿವರಿಸಬಹುದೆಂದು ವಾದಿಸಿತು. ಲಾಯೆಲ್ಲನ ವಾದವನ್ನೆಲ್ಲ ಸೆಜ್‌ವಿಕ್ಕನು ಒಪ್ಪಲಿಲ್ಲ. ಒಂದು ಅಂಶವನ್ನು ಮಾತ್ರ ಅಲ್ಲಗಳೆಯಲಾರದವನಾದನು.

ಆಗ ಅವನು ಲಂಡನ್ನಿನ ಭೂಗರ್ಭಶಾಸ್ತ್ರ ಸಂಘದ ಅಧ್ಯಕ್ಷನಾಗಿದ್ದನು. 1831ರ ಫೆಬ್ರುವರಿಯಲ್ಲಿ ಅಧ್ಯಕ್ಷಪದವಿಯನ್ನು ಬಿಟ್ಟುಕೊಡುವ ಭಾಷಣದಲ್ಲಿ, ತಾನು ನಂಬಿದ್ದುದಲ್ಲದೆ ಇತರರಲ್ಲಿಯೂ ಹರಡಿದ ಒಂದು ಮತವು ಈಗ ಶಾಸ್ತ್ರದೃಷ್ಟಿಯಿಂದ ಪಾಷಂಡವೆಂದು ತನಗೆ ಕಂಡಿರುವದರಿಂದ, ಈ ಪೀಠವನ್ನು ಬಿಡುವ ಮೊದಲು ಅದನ್ನು ಬಹಿರಂಗವಾಗಿ ಹಿಂದಕ್ಕೆ ತೆಗೆದುಕೊಳ್ಳುವದು ಯುಕ್ತವೆಂದು ಹೇಳಿ, ಗರಸನ್ನು ನೋಹನ ಪ್ರಳಯಕ್ಕೆ ಹೊಂದಿಸಿದ್ದು ತಪ್ಪೆಂದು ಒಪ್ಪಿಕೊಂಡನು. ಮನುಷ್ಯನ ಒಂದು ಕುರುಹೂ ಅದರಲ್ಲಿ ಸಿಕ್ಕದಿರುವಾಗಲೇ ತಾವು ತಡೆದು ಯೋಚಿಸಬೇಕಾಗಿತ್ತೆಂದೂ ಅವನು ಹೇಳಿದನು. ಪೆವಿಲಂಡಿನ ಕೆಂಪು ಎಲುಬುಗಳೂ ಮೆಕೆನರಿಯ ಕಲ್ಲುಗಳೂ ಆಗ ಇದ್ದೇ ಇದ್ದವೆಂಬದನ್ನು ನೆನೆದರೆ ಈ ಮಾತಿನಲ್ಲಿ ಒಂದು ವಿಚಿತ್ರವು ತೋರುವದು. ಒಂದು ತಪ್ಪಿನಿಂದ ಬಿಡಿಸಿಕೊಳ್ಳಲು ಅವನಿಗೆ ಸಹಾಯವಾದ ಕಾರಣಗಳಲ್ಲೊಂದು ಇನ್ನೊಂದು ತಪ್ಪು. ತೀರ್ಮಾನವು ಸರಿಯಾದದ್ದು ಉಳಿದ ಕಾರಣಗಳಿಂದ. ಇತಿಹಾಸದಲ್ಲಿ ಸತ್ಯವು ಯಾವಾಗಲೂ ರಾಜಮಾರ್ಗದಿಂದಲೇ ಬರುವದಿಲ್ಲ.

ಬಕ್ಲಂಡನಾದರೂ ಬಹಳ ಕಾಲ ಹಿಂದೆ ಬೀಳಲಿಲ್ಲ. ಬ್ರಿಜ್‌ವಾಟರ್ ಪ್ರಭುವು 8,000 ಪೌಂಡುಗಳನ್ನು ಮೀಸಲಿಟ್ಟು ಬರೆಯಿಸಿದ ದೈವಸ್ತುತಿಪರವಾದ ಎಂಟು ಗ್ರಂಥಗಳ ಮಾಲೆಯಲ್ಲಿ ಭೂಗರ್ಭಶಾಸ್ತ್ರದ ಭಾಗವು ಅವನ ಪಾಲಿಗೆ ಬಂದಿತ್ತು. 1836ರಲ್ಲಿ ಪ್ರಕಟವಾದ ಆ ಗ್ರಂಥದಲ್ಲಿ ಒಂದು ಅಡಿಟಿಪ್ಪಣಿಯ ಮೂಲಕ ತನ್ನ ಪ್ರಳಯಸಿದ್ಧಾಂತವನ್ನು ಸದ್ದಿಲ್ಲದೆ ಇಳಿಸಿಬಿಟ್ಟನು. ಸೆಜ್‌ವಿಕ್ಕನು ಪೀಠದಿಂದ ಹೇಳಿದ್ದನ್ನು ಇವನು ಪುಟದ ಬುಡದಲ್ಲಿ ಹೇಳಿದನು. ಇಬ್ಬರ ಸ್ವಭಾವಭೇದವು ಇದರಲ್ಲಿಯೇ ಇದೆ. ಎರಡು ವರ್ಷಗಳ ತರುವಾಯ ಸ್ವಿಟ್ಜರ್ಲಂಡಕ್ಕೆ ಹೋಗಿ ಅಗಾಸಿಜ್ ಎಂಬ ಪಂಡಿತನೊಡನೆ ಹಿಮನದಿಗಳನ್ನು ಕಂಡನು. 1840ರಲ್ಲಿ ಅವರಿಬ್ಬರೂ ಸ್ಕಾಟ್ಲಂಡದ ಕಣಿವೆಗಳಲ್ಲಿ ತಿರುಗಾಡಿ, ಹೆಬ್ಬಂಡೆಗಳನ್ನು ಹೊತ್ತು ತಂದು ಬಂಡೆಯ ಮೈಮೇಲೆ ಗೀರುಗಳನ್ನು ಮಾಡಿದ್ದು ನೀರಲ್ಲ, ಹಿಂದೊಮ್ಮೆ ದೇಶವನ್ನೆಲ್ಲ ಮುಚ್ಚಿದ್ದ ಮಂಜುಗಡ್ಡೆ ಎಂದು ಸಾರಿದರು. ತನ್ನ ಹಳೆಯ ಪ್ರಳಯದ ಸಾಕ್ಷಿಗಳೆಲ್ಲವನ್ನೂ ತಾನೇ ಮಂಜಿನ ಪಕ್ಷಕ್ಕೆ ಒಪ್ಪಿಸಿಕೊಟ್ಟ ಈ ಕಾರ್ಯವು ಬಕ್ಲಂಡನ ಜೀವಿತದಲ್ಲಿ ಕಿರ್ಕ್‌ಡೇಲಿಗಿಂತ ಕಡಿಮೆಯದಲ್ಲವೆಂದು ನಮಗೆ ತೋರುತ್ತದೆ.

ಇದಕ್ಕಾಗಿ ಇವರಿಗೆ ಸಿಕ್ಕ ಬಹುಮಾನವೆಂದರೆ ಸ್ವಮತೀಯರ ಬೈಗಳು. ಹೆನ್ರಿ ಕೋಲ್ ಎಂಬ ಪಾದ್ರಿಯು 1834ರಲ್ಲಿ ಸೆಜ್‌ವಿಕ್ಕನ ಮೇಲೆ ಒಂದು ಪುಸ್ತಕವನ್ನೇ ಬರೆದನು. 1844ರಲ್ಲಿ ಯಾರ್ಕ್ ಪಟ್ಟಣದಲ್ಲಿ ಶಾಸ್ತ್ರಜ್ಞರ ಮಹಾಸಭೆಯು ಕೂಡಿದಾಗ ಅಲ್ಲಿಯ ಚರ್ಚಿನ ಡೀನ್ ಕಾಕ್‌ಬರ್ನನು ಎದ್ದು ಭೂಗರ್ಭಶಾಸ್ತ್ರಜ್ಞರು ಬೈಬಲ್ಲನ್ನು ಕೆಡಿಸುವರೆಂದು ಆರೋಪಿಸಿದನು. ಸೆಜ್‌ವಿಕ್ಕನು ಅದೇ ಸಭೆಯಲ್ಲಿ ಖಾರವಾಗಿ ಉತ್ತರಕೊಟ್ಟನು. ದೇವರ ವಾಕ್ಯಕ್ಕೂ ದೇವರ ಕೃತಿಗೂ ವಿರೋಧವಿರಲಾರದು, ವಿರೋಧವು ಕಂಡರೆ ನಮ್ಮ ಓದಿನಲ್ಲಿ ತಪ್ಪಿದೆ ಎಂಬದು ಕೊನೆಯ ವರೆಗೂ ಅವನ ನಂಬಿಗೆಯಾಗಿತ್ತು.

ಸಾಕ್ಷ್ಯದ ಈ ಬಿಗಿಯಿಂದ ಪಾರಾಗುವದಕ್ಕೆ ಇನ್ನೊಂದು ದಾರಿಯನ್ನು ಹುಡುಕಿದವನು ಫಿಲಿಪ್ ಗಾಸನು. ಸಮುದ್ರತೀರದ ಜೀವಿಗಳನ್ನು ಅವನಷ್ಟು ಚೆನ್ನಾಗಿ ಬಲ್ಲವರು ಇಂಗ್ಲಂಡದಲ್ಲಿ ಕೆಲವರೇ. ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಹವ್ಯಾಸವನ್ನು ಮನೆಮನೆಗೆ ಹಬ್ಬಿಸಿದವನೂ ಅವನೇ. ಅತ್ಯಂತ ನಿಷ್ಠೆಯ ಕ್ರೈಸ್ತನು. 1857ರಲ್ಲಿ, ಹೆಂಡತಿಯು ತೀರಿಕೊಂಡ ವರ್ಷವೇ, ‘ಹೊಕ್ಕುಳು’ ಎಂಬ ಅರ್ಥದ ಗ್ರೀಕ್ ಹೆಸರಿನ ಒಂದು ಗ್ರಂಥವನ್ನು ಪ್ರಕಟಿಸಿದನು. ತಾಯಿಯಿಲ್ಲದ ಆದಾಮನಿಗೆ ಹೊಕ್ಕುಳಿತ್ತೇ? ಇದ್ದೇ ಇರಬೇಕು ಎಂದು ಗಾಸನ ಉತ್ತರ. ಏಕೆಂದರೆ ಜೀವಿಗಳ ಬಾಳು ಬೀಜ-ವೃಕ್ಷಗಳಂತೆ ಒಂದು ಚಕ್ರ. ಚಕ್ರದ ಯಾವ ಬಿಂದುವಿನಲ್ಲಿ ಸೃಷ್ಟಿಸಿದರೂ ಹಿಂದಿನ ಬಿಂದುಗಳ ಗುರುತು ಅದರಲ್ಲಿ ಇರಲೇಬೇಕು. ಮರವನ್ನು ಸೃಷ್ಟಿಸಿದರೆ ಬೆಳೆಯದ ವರ್ಷಗಳ ಉಂಗುರಗಳೊಡನೆ. ಭೂಮಿಯನ್ನು ಸೃಷ್ಟಿಸಿದರೆ ಎಂದೂ ಬದುಕಿರದ ಪ್ರಾಣಿಗಳ ಕಲ್ಲಾದ ಎಲುಬುಗಳೊಡನೆ!

ತರ್ಕದಲ್ಲಿ ಇದನ್ನು ಯಾರೂ ಸೋಲಿಸಲಾರರು, ಮತ್ತು ಅದೇ ಇದರ ದೋಷವು. ನಮ್ಮಲ್ಲಿ ಶಾಸನಶಾಸ್ತ್ರವನ್ನು ಬಲ್ಲವರಿಗೆ ಕೂಟಶಾಸನವೆಂದರೇನೆಂಬದು ತಿಳಿದಿದೆ. ಲಿಪಿಯ ತಪ್ಪು, ತಿಥಿವಾರಗಳ ತಪ್ಪುಗಳಿಂದ ಫ್ಲೀಟನು ಗಂಗರ ತಾಮ್ರಪಟಗಳಲ್ಲಿ ಹಲವನ್ನು ಕೂಟವೆಂದು ತಳ್ಳಿದನು. ಆ ತೀರ್ಪುಗಳ ಮೇಲೆ ರೈಸನೊಡನೆ ಅವನಿಗೆ ದೀರ್ಘವಾದವೂ ನಡೆಯಿತು. ಒಂದೂ ತಪ್ಪಿಲ್ಲದೆ, ಯಾವ ಪರೀಕ್ಷೆಗೂ ಸಿಕ್ಕದಂತೆ ಬರೆದ ಕೂಟಶಾಸನವಿದ್ದರೆ ಏನು ಗತಿ? ಗಾಸನ ಭೂಮಿಯು ಅಂಥ ಶಾಸನವು. ಅದನ್ನು ಬರೆಯಿಸಿದವನು ದೇವರು. ತನ್ನ ದೇವರನ್ನು ಇಂಥ ಸ್ಥಾನದಲ್ಲಿ ನಿಲ್ಲಿಸಿದ್ದೇನೆಂದು ಆ ಭಕ್ತನಿಗೆ ಹೊಳೆಯಲೇ ಇಲ್ಲ. ಹೊಳೆದದ್ದು ಅವನ ಸ್ನೇಹಿತನೂ ಪಾದ್ರಿಯೂ ಆದ ಚಾರ್ಲ್ಸ್ ಕಿಂಗ್ಸ್‌ಲಿಗೆ. ದೇವರು ಬಂಡೆಗಳ ಮೇಲೆ ಸುಳ್ಳನ್ನು ಬರೆದನೆಂದು ತಾನು ನಂಬಲಾರೆನೆಂದು ಅವನು ಗಾಸನಿಗೆ ತಿಳಿಸಿದನು. ಆಸ್ತಿಕರಿಗೂ ನಾಸ್ತಿಕರಿಗೂ ಬೇಡವಾಗಿ ಗ್ರಂಥದ ಪ್ರತಿಗಳು ರದ್ದಿಗೆ ಹೋದವು. ತಂದೆಯ ಈ ನಿರಾಶೆಯನ್ನು ಮಗ ಎಡ್ಮಂಡ್ ಗಾಸನು 1907ರ ತನ್ನ ಆತ್ಮಕಥೆಯಲ್ಲಿ ಮನಮುಟ್ಟುವಂತೆ ಬರೆದಿದ್ದಾನೆ.

ಹೀಗಿರಲು 1859ರ ನವೆಂಬರದಲ್ಲಿ ಡಾರ್ವಿನ್ನನ ಗ್ರಂಥವು ಹೊರಬಿದ್ದಿತು. ಈ ಡಾರ್ವಿನ್ನನನ್ನು 1831ರ ಆಗಸ್ಟಿನಲ್ಲಿ ವೇಲ್ಸಿನ ಬೆಟ್ಟಗಳಿಗೆ ಕರೆದೊಯ್ದು ಬಂಡೆಗಳನ್ನು ಓದುವದನ್ನು ಕಲಿಸಿದವನು ಸೆಜ್‌ವಿಕ್ಕನೇ. ಅದೇ ವರ್ಷದ ಆರಂಭದಲ್ಲಿ ಅವನು ತನ್ನ ಮತವನ್ನು ಹಿಂದಕ್ಕೆ ತೆಗೆದುಕೊಂಡಿದ್ದನೆಂಬದನ್ನು ವಾಚಕರು ಮರೆತಿರಲಾರರು. ಶಿಷ್ಯನ ಗ್ರಂಥವನ್ನೋದಿದ ಎಪ್ಪತ್ತುನಾಲ್ಕು ವರ್ಷದ ಗುರುವು, ತನಗೆ ಸಂತೋಷಕ್ಕಿಂತ ನೋವೇ ಹೆಚ್ಚಾಯಿತೆಂದು ಬರೆದನು. ಸಂಗತಿಗಳನ್ನು ಕೂಡಿಸಿ ಮೇಲೇರುವ ನಿಜವಾದ ಅನುಮಾನಕ್ರಮವನ್ನು ಡಾರ್ವಿನ್ನನು ಬಿಟ್ಟನೆಂಬದು ಅವನ ಒಂದು ಆಕ್ಷೇಪ. ಮನುಷ್ಯನ ನೈತಿಕಾಂಶವನ್ನು ಜಡದೊಳಗೆ ಬೆರೆಸಿದರೆ ಮಾನವಕುಲವು ಪಶುತ್ವಕ್ಕಿಳಿಯುವದೆಂಬದು ಇನ್ನೊಂದು. ಎರಡನೆಯದೇ ಅವನ ಹೃದಯದಿಂದ ಬಂದದ್ದು. 1831ರ ಧೈರ್ಯವು ಮುಪ್ಪಿನಲ್ಲಿ ಕುಂದಿತೆಂದು ಕೆಲವರು ಹೇಳುವರು, ಅದು ನ್ಯಾಯವಲ್ಲ. ಗರಸನ್ನು ಬಿಟ್ಟುಕೊಟ್ಟಾಗ ಅವನು ಕಳೆದುಕೊಂಡದ್ದು ಒಂದು ಸಾಕ್ಷಿಯನ್ನು. ಈಗ ಕೇಳಿದ್ದು, ಅವನಿಗೆ ತೋರಿದ ಪ್ರಕಾರ, ಮನುಷ್ಯನ ಆತ್ಮವನ್ನು. ಅವನು 1873ರಲ್ಲಿ ತೀರಿಕೊಳ್ಳುವ ವರೆಗೂ ವಿಕಾಸವಾದವನ್ನು ಒಪ್ಪಲಿಲ್ಲ. ಶಿಷ್ಯನ ಮೇಲಿನ ಅಕ್ಕರೆಯನ್ನೂ ಬಿಡಲಿಲ್ಲ.

ಉಳಿದ ಪಾದ್ರಿಗಳು ಒಂದೇ ದಾರಿಯಲ್ಲಿ ನಡೆಯಲಿಲ್ಲ. ಗಾಸನನ್ನು ತಿರಸ್ಕರಿಸಿದ ಕಿಂಗ್ಸ್‌ಲಿಯು, ತಾವೇ ವಿಕಾಸಹೊಂದಬಲ್ಲ ಮೂಲರೂಪಗಳನ್ನು ದೇವರು ನಿರ್ಮಿಸಿದನೆಂಬದೂ ಅಷ್ಟೇ ಉದಾತ್ತವಾದ ಕಲ್ಪನೆಯೆಂದು ಡಾರ್ವಿನ್ನನಿಗೆ ಬರೆದನು; ಡಾರ್ವಿನ್ನನು ಆ ಮಾತನ್ನು ತನ್ನ ಎರಡನೆಯ ಆವೃತ್ತಿಯಲ್ಲಿ ಹೆಸರು ಹೇಳದೆ ಸೇರಿಸಿಕೊಂಡನು. ಬಿಷಪ್ ವಿಲ್ಬರ್‌ಫೋರ್ಸನು 1860ರ ಜೂನ್ 30ರಂದು ಆಕ್ಸ್‌ಫರ್ಡಿನ ಹೊಸ ವಸ್ತುಸಂಗ್ರಹಾಲಯದಲ್ಲಿ ಹಕ್ಸ್‌ಲಿಯೊಡನೆ ಕಾದಿದ ಪ್ರಸಂಗವು ಎಲ್ಲರ ಬಾಯಲ್ಲಿದೆ. ಅಲ್ಲಿ ಆಡಿದ ಮಾತುಗಳನ್ನು ಅಕ್ಷರಶಃ ಬರೆದಿಟ್ಟುಕೊಂಡವರಿರಲಿಲ್ಲವಾದ್ದರಿಂದ ಕಥೆಯು ವರ್ಷಗಳು ಕಳೆದಂತೆ ಬೆಳೆದಿದೆ. ಇದಕ್ಕಿಂತ ಮುಖ್ಯವಾದದ್ದು ಅಮೇರಿಕದ ಸಸ್ಯಶಾಸ್ತ್ರಜ್ಞನೂ ಶ್ರದ್ಧಾವಂತ ಕ್ರೈಸ್ತನೂ ಆದ ಏಸಾ ಗ್ರೇ ಎಂಬವನೊಡನೆ ಡಾರ್ವಿನ್ನನು ನಡೆಸಿದ ಪತ್ರವ್ಯವಹಾರ. ವಿಕಾಸದಲ್ಲಿಯೂ ದೇವರ ಸಂಕಲ್ಪವನ್ನು ಕಾಣಬಹುದೆಂದು ಗ್ರೇ ಹೇಳಿದನು. ಜೀವಂತ ಕಂಬಳಿಹುಳದೊಳಗೆ ಮೊಟ್ಟೆಯಿಟ್ಟು ಅದನ್ನು ತನ್ನ ಮರಿಗಳಿಂದ ತಿನ್ನಿಸುವ ಕಣಜದ ಜಾತಿಯನ್ನು ದಯಾಮಯನಾದ ದೇವರು ಬುದ್ಧಿಪೂರ್ವಕವಾಗಿ ನಿರ್ಮಿಸಿದನೆಂದು ತಾನು ನಂಬಲಾರೆನೆಂದು ಡಾರ್ವಿನ್ನನು ಉತ್ತರವಿತ್ತನು. ಪೇಲಿಯ ಗಡಿಯಾರಕ್ಕೆ ಡಾರ್ವಿನ್ನನ ಪಾಟೀಸವಾಲು ಇದು. 1884ರಲ್ಲಿ ಆಕ್ಸ್‌ಫರ್ಡಿನ ಧರ್ಮೋಪನ್ಯಾಸಗಳಲ್ಲಿ ವಿಕಾಸವನ್ನು ಒಪ್ಪಿಕೊಂಡು ಮಾತಾಡಿದ ಫ್ರೆಡರಿಕ್ ಟೆಂಪಲ್ಲನು 1896ರಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪನಾದನೆಂದರೆ ಇಂಗ್ಲಂಡದ ಚರ್ಚಿನಲ್ಲಿ ಗಾಳಿಯು ಎತ್ತ ಬೀಸಿತೆಂಬದು ತಿಳಿಯುವದು.

ಆದರೆ ಸತ್ತಿತೆಂದ ಪ್ರಳಯವು ಸಾಯಲಿಲ್ಲ. 1961ರಲ್ಲಿ ಅಮೇರಿಕದಲ್ಲಿ ವಿಟ್‌ಕಂ ಎಂಬ ಧರ್ಮಪಂಡಿತನೂ ಮಾರಿಸ್ ಎಂಬ ಜಲಯಂತ್ರಶಾಸ್ತ್ರಜ್ಞನೂ ಕೂಡಿ, ಬಂಡೆಗಳ ಪದರಗಳೆಲ್ಲವೂ ನೋಹನ ಪ್ರಳಯದಲ್ಲಿಯೇ ಆದವೆಂದು ಒಂದು ದೊಡ್ಡ ಪುಸ್ತಕವನ್ನು ಬರೆದರು. ಅದಕ್ಕೆ ಓದುಗರು ಬಹಳ. ಬಕ್ಲಂಡನೂ ಸಾಹಸಮಾಡದ ಮಾತು ಇದು, ಅವನು ಮೇಲಿನ ಗರಸನ್ನು ಮಾತ್ರ ಕೇಳಿದ್ದನು. 1981ರಲ್ಲಿ ಅಲ್ಲಿಯ ಆರ್ಕನ್ಸಾ ಸಂಸ್ಥಾನವು ಶಾಲೆಗಳಲ್ಲಿ ವಿಕಾಸವಾದಕ್ಕೆ ಸಮನಾಗಿ ಸೃಷ್ಟಿವಾದವನ್ನೂ ಶಾಸ್ತ್ರವೆಂದು ಕಲಿಸಬೇಕೆಂಬ ಕಾಯಿದೆಯನ್ನು ಮಾಡಿತು. ಇದು ಮತಬೋಧೆಯೆಂದು ನ್ಯಾಯಾಲಯಕ್ಕೆ ಹೋದವರ ಪಟ್ಟಿಯಲ್ಲಿ ಮೊದಲನೆಯ ಹೆಸರು ಮೆಥೊಡಿಸ್ಟ್ ಪಾದ್ರಿಯೊಬ್ಬನದು. ಅವನ ಕೂಡ ಎಪಿಸ್ಕೋಪಲ್, ಕ್ಯಾಥೊಲಿಕ್ ಮೊದಲಾದ ಚರ್ಚುಗಳ ಬಿಷಪ್ಪರೂ ಇದ್ದರು. 1982ರ ಜನವರಿ 5ರಂದು ನ್ಯಾಯಾಧೀಶನು ಆ ಕಾಯಿದೆಯನ್ನು ರದ್ದುಪಡಿಸಿದನು.

ಪೆವಿಲಂಡಿನ ಕೆಂಪು ಎಲುಬುಗಳು ಇಂದು ಆಕ್ಸ್‌ಫರ್ಡಿನ ವಸ್ತುಸಂಗ್ರಹಾಲಯದಲ್ಲಿವೆ. ವಿಲ್ಬರ್‌ಫೋರ್ಸನೂ ಹಕ್ಸ್‌ಲಿಯೂ ಮನುಷ್ಯನ ಮೂಲವನ್ನು ಕುರಿತು ವಾದಿಸಿದ್ದು ಆ ಕಟ್ಟಡದಲ್ಲಿಯೇ. ಆ ದಿನ ಕೂಡಿದ್ದ ಸಭೆಗೆ ಅವು ಇನ್ನೂ ರೋಮನರ ಕಾಲದ ಹೆಂಗಸಿನ ಎಲುಬುಗಳಾಗಿದ್ದವು.